ಬೀಳುವ ವಸ್ತುವಿನ ಲೆಕ್ಕ: ಅರಮನೆ ಗೋಪುರದ ಎತ್ತರದಿಂದ

ಬೀಳುವ ವಸ್ತುವಿನ ಲೆಕ್ಕ ಬಿಡಿಸುವಾಗ ಮೊದಲು ಗುರುತಿಸಬೇಕಾದದ್ದು ಅದರ ಮೇಲಿನ ಬಲಗಳನ್ನು. ಗುರುತ್ವ ಕೆಳಕ್ಕೆ ಎಳೆಯುತ್ತದೆ. ಗಾಳಿ ಅದನ್ನು ತಡೆಯುತ್ತದೆ. ನ್ಯೂಟನ್ನನ ಎರಡನೆಯ ನಿಯಮದಂತೆ, ನಿವ್ವಳ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ.

1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಮುಖ್ಯ ಗೋಪುರದ ಎತ್ತರ 145 ಅಡಿ, ಅಂದರೆ ಸುಮಾರು 44 ಮೀಟರ್. ಅಷ್ಟು ಎತ್ತರದಿಂದ 100 ಗ್ರಾಂ ತೂಕದ ಚೆಂಡೊಂದು ನೇರವಾಗಿ ಬೀಳುತ್ತದೆ ಎಂದುಕೊಳ್ಳೋಣ. ಮೈಸೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 9.78 ಮೀಟರ್, ಆದ್ದರಿಂದ ಚೆಂಡಿನ ಮೇಲಿನ ಗುರುತ್ವ ಬಲ 0.98 ನ್ಯೂಟನ್.

ಗಾಳಿಯ ತಡೆಯನ್ನು ಬದಿಗಿಟ್ಟರೆ, ಎತ್ತರದ ಎರಡರಷ್ಟನ್ನು 9.78ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು: ಉತ್ತರ ಸುಮಾರು 3 ಸೆಕೆಂಡು. ಕಾಲವನ್ನು 9.78ರಿಂದ ಗುಣಿಸಿದರೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 29 ಮೀಟರ್, ಗಂಟೆಗೆ ಸುಮಾರು 105 ಕಿಲೋಮೀಟರ್. ಇಲ್ಲಿ ದ್ರವ್ಯರಾಶಿಯ ಪಾತ್ರವಿಲ್ಲ. ಒಂದು ಕಿಲೋ ಗುಂಡಿಗೂ ಇದೇ ಉತ್ತರ.

ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ತಡೆ 0.2 ನ್ಯೂಟನ್ ಆದಾಗ ಚೆಂಡಿನ ನಿವ್ವಳ ಬಲ 0.78 ನ್ಯೂಟನ್, ವೇಗೋತ್ಕರ್ಷ 7.8. ತಡೆ ಗುರುತ್ವ ಬಲಕ್ಕೆ ಸಮನಾದರೆ ವೇಗೋತ್ಕರ್ಷ ಸೊನ್ನೆ. ಮುಂದೆ ವಸ್ತು ಒಂದೇ ವೇಗದಲ್ಲಿ ಇಳಿಯುತ್ತದೆ. ಇದೇ ಅಂತಿಮ ವೇಗ.