ಹೊಲದ ಮನೆಯ ಸುತ್ತಲಿನ ಹುಳು-ಹಕ್ಕಿ: ಕೊಲ್ಲುವ ಮುನ್ನ ಗುರುತಿಸಿರಿ

ಕಲಬುರಗಿ ಜಿಲ್ಲೆಯ ಮುಖ್ಯ ಬೆಳೆ ತೊಗರಿ. ಕಲಬುರಗಿ ನಗರದಿಂದ ಹುಮನಾಬಾದ ಕಡೆಗಿನ ರಸ್ತೆಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾಗಿದ್ದರೂ ಅದರ ಸುತ್ತಿನ ಎರೆ ಹೊಲಗಳಲ್ಲಿ ತೊಗರಿ, ಕಡಲೆಗಳನ್ನೂ ಬೆಳೆಯುತ್ತಾರೆ. ಮನೆಯ ಹಿತ್ತಲಲ್ಲಾಗಲಿ ಹೊಲದ ಬದುವಿನಲ್ಲಾಗಲಿ ಗುರುತಿಲ್ಲದ ಹುಳು ಕಂಡೊಡನೆ ಔಷಧಿ ಡಬ್ಬಿಗೆ ಕೈ ಹಾಕುವುದು ಹಲವರ ರೂಢಿ. ಇದು ದುಬಾರಿ ರೂಢಿ. 1997-98ರಲ್ಲಿ ಕಾಯಿಕೊರಕ ಕೀಡೆ ತೊಗರಿಯನ್ನು ಹಾಳುಮಾಡಿದಾಗ ಮೇಲಿಂದ ಮೇಲೆ ಸಿಂಪಡಿಸಿದ ಔಷಧಿಗಳೂ ನಾಟಲಿಲ್ಲ. ಕೀಡೆ ಅವುಗಳಿಗೆ ಒಗ್ಗಿಹೋಗಿತ್ತು. ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಬಿದ್ದ ಕೀಡೆಗಳನ್ನು ಆರಿಸಿ ಕೊಲ್ಲುವ ಕ್ರಮವೇ ಆಗ ಈ ಭಾಗದ ರೈತರ ಕೈ ಹಿಡಿಯಿತು.

ಕೆಲವೊಮ್ಮೆ ಗಿಡದ ತುದಿಯಲ್ಲಿ ಕೀಡೆಯೊಂದು ತಲೆಕೆಳಗಾಗಿ ಜೋತುಬಿದ್ದು, ಕಪ್ಪಾಗಿ, ಮುಟ್ಟಿದರೆ ನೀರು ಸೋರುವಂತಿರುತ್ತದೆ. ನೋಡಲು ಅಸಹ್ಯವಾದರೂ ಅದು ಶುಭಸೂಚನೆ. ನಂಜಾಣು ರೋಗದಿಂದ ಸತ್ತ ಕಾಯಿಕೊರಕವದು. ಸೋರಿದ ದ್ರವದಿಂದ ಉಳಿದ ಕೀಡೆಗಳಿಗೂ ರೋಗ ಅಂಟುತ್ತದೆ; ದನಕರುಗಳಿಗೆ, ಮನುಷ್ಯರಿಗೆ ಏನೂ ಆಗುವುದಿಲ್ಲ. ಎನ್.ಪಿ.ವಿ. ಎಂದು ಮಾರುವ ದ್ರಾವಣ ಇದೇ ನಂಜಾಣುವಿನದು. ಹೆಕ್ಟೇರಿಗೆ 250 ಎಲ್.ಇ. ಪ್ರಮಾಣದಲ್ಲಿ, ಸ್ವಲ್ಪ ಬೆಲ್ಲ ಬೆರೆಸಿ, ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲಿಗೆ ನಂಜಾಣು ಬೇಗ ಸಾಯುತ್ತದೆ.

ಕಡಲೆ ಎಲೆಯ ಮೇಲೆ ಕಪ್ಪು ಗುರುತುಳ್ಳ ಬೂದು ಬಣ್ಣದ ಪುಟ್ಟ ಗೂಡು, ಪಕ್ಕದಲ್ಲಿ ಒಣಗಿದ ಮರಿಕೀಡೆಯ ಚರ್ಮ ಕಂಡರೆ ಅದನ್ನು ಹಿಸುಕಬಾರದು. ಮರಿಕೀಡೆಯನ್ನು ಒಳಗಿನಿಂದಲೇ ತಿಂದು ಬೆಳೆದ ಕಣಜದ ಗೂಡು ಅದು. ಬೇಲಿಯ ಕಡ್ಡಿಗೆ ನೊರೆ ಒಣಗಿದಂತೆ ಅಂಟಿರುವ ಗಂಟು, ಮುಂಗಾಲು ಮಡಚಿ ಕೈ ಮುಗಿದಂತೆ ನಿಲ್ಲುವ ಮ್ಯಾಂಟಿಸ್ ಕೀಟದ ಮೊಟ್ಟೆಚೀಲ. ಈ ಕೀಟ ಜೇನುನೊಣವನ್ನೂ ಬಿಡದೆ ತಿನ್ನುತ್ತದೆಂಬುದು ನಿಜ. ಆದರೂ ಪೀಡೆಗಳನ್ನೂ ತಿನ್ನುವುದರಿಂದ ಅದನ್ನು ಇರಗೊಡುವುದೇ ಒಳ್ಳೆಯದು.

ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುವ ಪದ್ಧತಿ ಇಲ್ಲಿನವರಿಗೆ ಹೊಸದಲ್ಲ. ಚೆಲ್ಲಿದ ಅನ್ನ-ಕಡುಬಿಗೆ ಬರುವ ಹಕ್ಕಿಗಳು ಕೀಡೆಗಳನ್ನೂ ಹೆಕ್ಕುತ್ತವೆ. ಹಬ್ಬದ ಒಂದು ದಿನಕ್ಕೇ ಇದು ನಿಲ್ಲಬಾರದು. ಹೂ ಬಿಡುವ ಕಾಲಕ್ಕೆ ಹೆಕ್ಟೇರಿಗೆ 50ರಂತೆ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರೆ ಕಾಜಾಣ, ಗೊರವಂಕಗಳು ದಿನವೂ ಕೂರುತ್ತವೆ.

ಕಣದ ಬಳಿ ಬರುವ ಗೂಬೆಯನ್ನು ಅಪಶಕುನವೆಂದು ಓಡಿಸುವವರು ಹಗೇವಿನ ಕಾಳು ತಿನ್ನುವ ಇಲಿಗಳನ್ನು ತಾವೇ ಸಾಕಿದಂತೆ. ಕೇರೆ ಹಾವೂ ಇಲಿಯ ವೈರಿ, ವಿಷವಿಲ್ಲದ್ದು. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಹೆಡೆ ಎತ್ತುವ ನಾಗರ, ಬೆನ್ನ ಮೇಲೆ ಸರಪಳಿಯಂಥ ಮಚ್ಚೆಗಳಿರುವ ಕೊಳಕುಮಂಡಲ ವಿಷದವು, ಅವುಗಳಿಂದ ದೂರವಿರಬೇಕು. ಯಾವ ಹಾವೇ ಕಚ್ಚಲಿ, ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ತಡಮಾಡದೆ ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.