ಚದುರಿದ ಜನಾಂಗಗಳ ಐಕ್ಯಬಲ

ಸಂಖ್ಯೆಯೇ ಬಲವೆಂದು ತಿಳಿದವರು ಯೆಹೂದ್ಯರ ಇತಿಹಾಸವನ್ನು ಅವಲೋಕಿಸಬೇಕು. ಕ್ರಿ. ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ನೆಲಸಮಗೊಳಿಸಿದರು. ಅಲ್ಲಿಂದ ಮುಂದೆ ಸುಮಾರು ಹತ್ತೊಂಬತ್ತು ಶತಮಾನಗಳ ಕಾಲ ಆ ಜನಕ್ಕೆ ತಾಯ್ನಾಡಿನಲ್ಲಿ ಸ್ಥಿರವಾದ ಸ್ವರಾಜ್ಯವಿರಲಿಲ್ಲ. ಆಡುವ ನುಡಿಯೂ ಉಡುವ ಬಟ್ಟೆಯೂ ದೇಶಕ್ಕೊಂದು ಬಗೆಯಾದವು. ಆದರೂ ಆ ಜನಾಂಗವು ಅಳಿಯಲಿಲ್ಲ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ನೆರೆಯ ಕೊಂಕಣದಲ್ಲಿ ಬೆನೆ ಇಸ್ರಾಯೇಲರು ಗಾಣದ ಕಸುಬು ಮಾಡುತ್ತ, ಮರಾಠಿಯನ್ನಾಡುತ್ತ ಶತಮಾನಗಳನ್ನು ಕಳೆದರು. ಆದರೆ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಅದರಿಂದಲೇ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ವಾರಕ್ಕೊಂದು ದಿನದ ಗಳಿಕೆಯನ್ನು ಎಲ್ಲರೂ ಕೂಡಿ ಬಿಟ್ಟುಕೊಟ್ಟುದೇ ಅವರನ್ನು ಒಂದು ಜನವಾಗಿ ಉಳಿಸಿತು.

ಐಕ್ಯವೆಂದರೆ ಏಕಾಭಿಪ್ರಾಯವಲ್ಲ. ಯೆಹೂದ್ಯರಲ್ಲಿ ಪಂಥಭೇದಗಳಿಗೂ ವಾಗ್ವಾದಗಳಿಗೂ ಎಂದೂ ಕೊರತೆಯಿಲ್ಲ. ಆದರೆ ಅವರ ಸಂಪ್ರದಾಯದಲ್ಲಿ ಹತ್ತು ಮಂದಿ ಪ್ರಾಪ್ತವಯಸ್ಕ ಪುರುಷರು ಕೂಡದೆ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗುವುದಿಲ್ಲ. ಆದಕಾರಣ ಪ್ರತಿಯೊಬ್ಬನೂ ಮತ್ತೊಬ್ಬನಿಗೆ ಬೇಕಾದವನು. 1881ರಲ್ಲಿ ಪ್ಯಾಲೆಸ್ತೀನಿಗೆ ಬಂದು ನೆಲೆಸಿದ ಎಲಿಯೇಜರ್ ಬೆನ್ ಯೆಹೂದನು, ಗ್ರಂಥದಲ್ಲಿ ಉಳಿದಿದ್ದ ಹೀಬ್ರೂ ಭಾಷೆಯನ್ನು ಮೊದಲು ತನ್ನ ಮನೆಯಲ್ಲಿ, ಮಕ್ಕಳ ಬಾಯಲ್ಲಿ ಆಡಿಸಿದನು. 1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾದಾಗ ಅದು ಆಡುನುಡಿಯಾಗಿತ್ತು. ಆ ರಾಷ್ಟ್ರದ ಕಲಹಗಳ ನ್ಯಾಯಾನ್ಯಾಯವು ಬೇರೆ ವಿಚಾರ. ಚದುರಿದ ಜನವು ತನ್ನನ್ನು ತಾನು ಉಳಿಸಿಕೊಂಡ ಬಗೆಯಷ್ಟೇ ಇಲ್ಲಿ ಪ್ರಸ್ತುತ.

ಕನ್ನಡಿಗರಾದ ನಾವಾದರೂ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಹಾಗೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದೆವು. ಮನೆಮನೆಯ ತಾಡೋಲೆಗಳಲ್ಲಿ ಚದುರಿದ್ದ ವಚನಗಳನ್ನು ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಶೇಖರಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರು ಗ್ರಂಥಸಂಪಾದನೆಯಲ್ಲಿಯೇ ತೃಪ್ತರಾಗಲಿಲ್ಲ. ಮುದ್ರಣಾಲಯವನ್ನು ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು, ವಿದ್ಯಾಸಂಸ್ಥೆಗೂ ಸಹಕಾರಿ ಬ್ಯಾಂಕಿಗೂ ದುಡಿದರು. 1956ರ ನವೆಂಬರ್ 1ರಂದು ಕೈಗೂಡಿದ ಏಕೀಕರಣವು ಸಭೆಗಳ ಠರಾವುಗಳಿಂದಷ್ಟೇ ಆದುದಲ್ಲ, ಇಂತಹ ನಿತ್ಯದ ದುಡಿಮೆಯ ತಳಹದಿ ಅದಕ್ಕಿತ್ತು.

ಆದರೆ ಅಂದು ಎಲ್ಲ ಕನ್ನಡಿಗರೂ ಒಂದೇ ಗಡಿಯೊಳಗೆ ಸೇರಲಿಲ್ಲ. ತಿಕೋಟಾದ ನೆರೆಯಲ್ಲಿಯೇ ಇರುವ ಜತ್ತ ತಾಲ್ಲೂಕು ಮಹಾರಾಷ್ಟ್ರದಲ್ಲಿದೆ. ಅಲ್ಲಿನ ಅನೇಕ ಹಳ್ಳಿಗಳ ಮನೆಮಾತು ಕನ್ನಡ. ನೀರಿನ ಬವಣೆಯಿಂದ ಬೇಸತ್ತ ಅಲ್ಲಿನ ಗ್ರಾಮಗಳು ಕರ್ನಾಟಕವನ್ನು ಸೇರಲು ಮಾಡಿದ್ದ ನಿರ್ಣಯದ ಮಾತು 2022ರಲ್ಲಿ ಉಭಯ ಸರ್ಕಾರಗಳ ವಾಗ್ವಾದಕ್ಕೆ ವಸ್ತುವಾಯಿತು. ಗಡಿಯ ತೀರ್ಮಾನವು ಸರ್ಕಾರಗಳಿಗೂ ನ್ಯಾಯಾಲಯಕ್ಕೂ ಸೇರಿದ್ದು. ಬಾಂಧವ್ಯದ ತೀರ್ಮಾನವು ಮಾತ್ರ ನಮ್ಮ ಕೈಯಲ್ಲಿದೆ.

ಹತ್ತು ಮಂದಿ ಕೂಡದ ಕಡೆ ಪ್ರಾರ್ಥನೆ ನಿಲ್ಲುವಂತೆ, ಮಕ್ಕಳು ಬಾರದ ಕಡೆ ಕನ್ನಡ ಶಾಲೆ ನಿಲ್ಲುವುದು. ಜತ್ತದ ಕನ್ನಡ ಶಾಲೆಗಳಿಗೆ ಪುಸ್ತಕಗಳನ್ನು ಕಳಿಸುವುದು, ಅಲ್ಲಿನ ಉಪಾಧ್ಯಾಯರನ್ನು ನಮ್ಮ ಸಭೆಗಳಿಗೆ ಬರಮಾಡಿಕೊಳ್ಳುವುದು, ಅಲ್ಲಿ ಕಲಿತ ಹುಡುಗನಿಗೆ ವಿಜಯಪುರದ ಕಾಲೇಜಿನಲ್ಲಿ ಪ್ರವೇಶಕ್ಕೂ ವಸತಿಗೂ ನೆರವಾಗುವುದು, ಇವು ತಿಕೋಟಾ, ಬಬಲೇಶ್ವರಗಳ ನಾಗರಿಕರಿಗೂ ಅಧಿಕಾರಿವರ್ಗಕ್ಕೂ ಅಸಾಧ್ಯವಾದ ಕೆಲಸಗಳಲ್ಲ. ಇದರಲ್ಲಿ ಮರಾಠಿ ಬಂಧುಗಳ ಮೇಲಿನ ದ್ವೇಷಕ್ಕೆ ಎಡೆಯೇ ಇಲ್ಲ. ರಾಜ್ಯೋತ್ಸವದ ದಿನದ ಜಯಘೋಷವನ್ನು ವರ್ಷದ ಉಳಿದ ದಿನಗಳ ಕರ್ತವ್ಯವನ್ನಾಗಿ ಮಾಡಿಕೊಂಡರೆ ಗಡಿಯಾಚೆಯ ಕನ್ನಡವು ಬಾಳುವುದು, ಅದರೊಡನೆ ನಮ್ಮ ಬಲವೂ ಬೆಳೆಯುವುದು.