ಕಥೆಯೊಳಗೆ ಹೆಸರು ಯಾರಿಗಿದೆ?

ಕಳೆದ ತಿಂಗಳು ಪ್ರಥಮ ಪಿಯುಸಿ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ನೀವು ಓದಿದ ಕಥೆಗಳಲ್ಲಿ, ನೋಡಿದ ಸಿನಿಮಾಗಳಲ್ಲಿ ಮುಸ್ಲಿಂ ಪಾತ್ರ ಬಂದರೆ ಅವನು ಏನು ಮಾಡುತ್ತಿರುತ್ತಾನೆ? ಟಾಂಗಾ ಹೊಡೆಯುತ್ತಾನೆ, ಹಣ್ಣು ಮಾರುತ್ತಾನೆ, ಇಲ್ಲವೇ ಸುಲ್ತಾನ, ಇಲ್ಲವೇ ಬಾಂಬ್ ಇಡುವವನು. ಉತ್ತರಗಳು ಪಟಪಟನೆ ಬಂದವು, ಜೊತೆಗೆ ನಗುವೂ ಬಂತು. ಎರಡನೆಯ ಪ್ರಶ್ನೆ: ನೀವು ಹೇಳುವ ಕಥೆಯಲ್ಲಿ ತಾಂಡಾದ ಲಂಬಾಣಿ ಹುಡುಗಿ ಬಂದರೆ? ನಗು ನಿಂತಿತು. ನಮ್ಮ ಉತ್ತರಗಳೂ ಅಷ್ಟೇ ಬಡವಾಗಿದ್ದವು.

ಪೂರ್ವಗ್ರಹ ಎಂದರೆ ಬೈಗುಳ ಎಂದು ಬಹಳ ಮಂದಿ ತಿಳಿದಿದ್ದಾರೆ. ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಹಾಗಿರುವುದಿಲ್ಲ. ಕೆಲವರಿಗೆ ಹೆಸರು, ಮನೆ, ಮಾತು, ಸಿಟ್ಟು ಎಲ್ಲವೂ ಇರುತ್ತವೆ. ಉಳಿದವರು ಹಿಂದೆ ಸುಮ್ಮನೆ ನಿಂತಿರುತ್ತಾರೆ. ನೈಜೀರಿಯಾದ ಲೇಖಕ ಚಿನುವಾ ಅಚಿಬೆ 1975ರ ಒಂದು ಭಾಷಣದಲ್ಲಿ ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಮೇಲೆ ಹೊರಿಸಿದ ಆರೋಪ ಇಂಥದ್ದೇ. ಅಲ್ಲಿ ಆಫ್ರಿಕಾ ಬರೀ ಹಿನ್ನೆಲೆ, ಆಫ್ರಿಕದವರಿಗೆ ಮಾತೇ ಇಲ್ಲ. ಅದಕ್ಕೆ ಬಹಳ ಮೊದಲೇ, 1958ರಲ್ಲಿ, ಅವರು ‘ಥಿಂಗ್ಸ್ ಫಾಲ್ ಅಪಾರ್ಟ್’ ಬರೆದು ಇಗ್ಬೋ ಹಳ್ಳಿಯ ಜೀವನವನ್ನು ಒಳಗಿನಿಂದ ತೋರಿಸಿದ್ದರು. ತಮ್ಮವರ ತಪ್ಪುಗಳನ್ನೂ ಅವರು ಮುಚ್ಚಿಡಲಿಲ್ಲ.

ಕನ್ನಡದಲ್ಲಿ ಆ ಕೆಲಸ ಮಾಡಿದವರಲ್ಲಿ ಕಾಸರಗೋಡಿನ ಸಾರಾ ಅಬೂಬಕ್ಕರ್ ಒಬ್ಬರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ, ತಂದೆಯ ಹಟದಿಂದ ಗಂಡನನ್ನು ಕಳೆದುಕೊಳ್ಳುವ ಹೆಣ್ಣುಮಗಳು. ಅವಳಿಗೆ ಹೆಸರಿದೆ, ಮಾತಿದೆ, ಆಸೆಯಿದೆ. ಆದರೆ ಇಲ್ಲೊಂದು ತೊಡಕಿದೆ. ಈ ಕಾದಂಬರಿ ಓದಿದ ಮೇಲೆ ಯಾರಾದರೂ ಪಕ್ಕದ ಬೆಂಚಿನ ಹುಡುಗಿಯನ್ನು ‘ನಿಮ್ಮ ಮನೆಗಳಲ್ಲಿ ಎಲ್ಲ ಹೀಗೇನಾ?’ ಎಂದು ಕೇಳಿದರೆ? ಒಬ್ಬ ನಾದಿರಾಳ ದುಃಖ ಎಲ್ಲರ ಗುರುತಾಗಿಬಿಡುತ್ತದೆ. ಪೂರ್ವಗ್ರಹ ಪುಸ್ತಕದಲ್ಲಿ ಇಲ್ಲದಿದ್ದರೂ ಓದುವವರ ಕಣ್ಣಿನಲ್ಲಿ ಇರಬಹುದು. ಹಾಗೆಂದು ಪುಸ್ತಕವನ್ನೇ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ, ಇನ್ನೊಂದನ್ನು ತೆರೆಯಬೇಕು. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು, ಅನುವಾದಿಸಿದವರು ದೀಪಾ ಭಾಸ್ತಿ. ಅದರಲ್ಲಿ 12 ಕಥೆಗಳಿವೆ. ಅಷ್ಟು ಕಥೆ ಓದಿದವರಿಗೆ ‘ಎಲ್ಲರೂ ಹೀಗೇ’ ಎನ್ನುವುದು ಕಷ್ಟ.

ಇಷ್ಟರವರೆಗೆ ನಮ್ಮ ತರಗತಿಗೆ ಹಿತವಾಗಿತ್ತು, ಏಕೆಂದರೆ ನೋವು ನಮ್ಮದಾಗಿತ್ತು. ಆಮೇಲೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ತೆಗೆದೆ. ಮುದ್ದೇಬಿಹಾಳ ನಮಗೇನು ದೂರದ ಊರಲ್ಲ. ಅಲ್ಲಿಯ ದಲಿತ ಹುಡುಗನೊಬ್ಬನ ಆತ್ಮಕಥೆ ಅದು. ಸರ್ಕಾರದ ಸವಲತ್ತು ಪಡೆಯುವ ದಲಿತ ವಿದ್ಯಾರ್ಥಿಗಳನ್ನು ಅಣಕಿಸುವ ಮಾತನ್ನೇ ಅವರು ಪುಸ್ತಕದ ಹೆಸರಾಗಿಸಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವ ದಿನಗಳಲ್ಲಿ ಅಂಥ ಅಣಕ ನಮ್ಮ ಕಾರಿಡಾರಿನಲ್ಲೂ ಕೇಳಿಬಂದಿದೆ. ಕೇಳಿ ಸುಮ್ಮನಾದವರಲ್ಲಿ ನಾನೂ ಒಬ್ಬ.

ಎರಡು ದಿನ ಬಿಟ್ಟು, ಮಾನ್ವಿ ಕಡೆಯಿಂದ ಬಸ್ಸಿಗೆ ಬರುವ ಹುಡುಗನೊಬ್ಬ ಪುಸ್ತಕ ಹಿಂದಿರುಗಿಸಲು ಬಂದ. ನೇರ ಹೋಗದೆ ಸ್ವಲ್ಪ ಹೊತ್ತು ನಿಂತ.

‘ಸರ್, ನಮ್ಮೂರ ಹೋಟ್ಲಾಗೂ ಅವರಿಗಿ ಬ್ಯಾರೆ ಗ್ಲಾಸ್ ಇಟ್ಟಿರ್ತಿದ್ರು. ನಾ ದಿನಾ ಅಲ್ಲೇ ಚಾ ಕುಡದೀನಿ. ಯಾಕಂತ ಒಂದಿನಾನೂ ಕೇಳಿಲ್ರಿ.’